ಹೊಸ ಮನೆಗೆಲ್ಲ 6500 ಕೆಲ್ವಿನ್ ಬಲ್ಬೇ ಸಾಕು ಎನ್ನುತ್ತಾರೆ ಎಲೆಕ್ಟ್ರಿಷಿಯನ್, ಒಪ್ಪಬಹುದೇ?

ಒಪ್ಪಬೇಡಿ. ಹಾಗೆ ಒಪ್ಪಿಕೊಂಡು ಎರಡು ವರ್ಷ ಆಸ್ಪತ್ರೆಯ ವಾರ್ಡಿನಂಥ ಕೋಣೆಯಲ್ಲಿ ಮಲಗಿದವನು ನಾನು. ಎಲೆಕ್ಟ್ರಿಷಿಯನ್ನರನ್ನು ದೂರಿ ಫಲವಿಲ್ಲ. ಬೆಳ್ಳಗಿದ್ದರೆ ಬೆಳಕು ಹೆಚ್ಚು ಎಂಬ ನಂಬಿಕೆ ಟ್ಯೂಬ್‌ಲೈಟಿನ ಕಾಲದಿಂದಲೂ ನಮ್ಮಲ್ಲಿ ಬೇರೂರಿದೆ. ಬೆಳಕು ಎಷ್ಟು ಎಂಬುದನ್ನು ಹೇಳುವುದು ಡಬ್ಬಿಯ ಮೇಲಿನ ಲ್ಯೂಮೆನ್. ಕೆಲ್ವಿನ್ ಹೇಳುವುದು ಅದರ ಬಣ್ಣವನ್ನು ಮಾತ್ರ. ಹಿಂದಿನ ಹಳದಿ ಬಲ್ಬು ಸುಮಾರು 2700, ದೇವರ ಮುಂದಿನ ಎಣ್ಣೆದೀಪ 2000ದ ಆಸುಪಾಸು, 6500 ಎಂದರೆ ಮೋಡ ಕವಿದ ಮಧ್ಯಾಹ್ನ. ಸಂಖ್ಯೆ ಏರಿದಂತೆ ಬೆಳಕು ತಣ್ಣಗೆ ಕಾಣುವುದು ವಿಚಿತ್ರವೆನಿಸಿದರೆ ಕುಲುಮೆಯನ್ನು ನೆನೆಯಿರಿ: ಕಬ್ಬಿಣ ಮೊದಲು ಕೆಂಪಗಾಗಿ, ಕಾದಷ್ಟೂ ಬೆಳ್ಳಗಾಗುತ್ತದೆ.

ಮಲಗುವ ಕೋಣೆಗೆ ಕಣ್ಣು ಮುಚ್ಚಿ 2700 ಅಥವಾ 3000 ಹಾಕಿಸಿ. 6500ರಂತೆ ನೀಲಿಯ ಅಂಶ ಹೆಚ್ಚಿರುವ ಬೆಳಕು ರಾತ್ರಿ ಹೊತ್ತು ನಿದ್ದೆಗೆ ಅಣಿಮಾಡುವ ದೇಹದ ಹಾರ್ಮೋನು ಮೆಲಟೋನಿನ್ ಅನ್ನು ತಗ್ಗಿಸಿ ನಿದ್ದೆಯನ್ನು ಮುಂದಕ್ಕೆ ತಳ್ಳುತ್ತದೆ. ಹಾಲ್‌ಗೂ 3000 ಚೆನ್ನ. ನಿಮ್ಮದು ಕೆಂಪು ರೆಡ್‌ಆಕ್ಸೈಡ್ ನೆಲವಾಗಿದ್ದರಂತೂ ಅದರ ಕಳೆಯೇ ಬೇರೆ.

ಅಡುಗೆಮನೆಯಲ್ಲೇ ನಾನು ಹೆಚ್ಚು ಎಡವಿದ್ದು. 6500ರಡಿ ಸಾರು ಪೇಲವವಾಗಿ ಕಾಣುತ್ತಿತ್ತು. ಬೇಸತ್ತು 2700 ಹಾಕಿಸಿದೆ. ಈರುಳ್ಳಿ ಕೆಂಪಗಾಯಿತೋ ಇನ್ನೂ ಹಾಗೇ ಇದೆಯೋ ಗೊತ್ತಾಗದಾಯಿತು. ಕೊನೆಗೆ ನಿಂತದ್ದು 4000. ಮಕ್ಕಳು ಓದುವ ಮೇಜಿಗೂ ಅದೇ. ಬಲ್ಬಿನಲ್ಲಿ 4000 ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಪ್ಯಾನೆಲ್ ಲೈಟಿನಲ್ಲಿ ಕೇಳಿ. ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದರೆ ಮೂರು ಬಣ್ಣಕ್ಕೆ ತಿರುಗುವ ಬಗೆಯವೂ ಇವೆ.

ಕನ್ನಡಿ, ಬೀರುವಿನ ಮುಂದೆ ಕೆಲ್ವಿನ್ ಜೊತೆಗೆ ಸಿಆರ್‌ಐ ಕೂಡ ನೋಡಿ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು; 80 ಸಾಮಾನ್ಯ, 90 ಒಳ್ಳೆಯದು. ಹಳದಿ ಬೆಳಕಿನಲ್ಲಿ ಕಪ್ಪೆಂದು ತೆಗೆದ ನನ್ನ ಪ್ಯಾಂಟು ಮದುವೆ ಮಂಟಪದ ಬಿಸಿಲಿಗೆ ಕಡುನೀಲಿಯಾಗಿತ್ತು.

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಒಂದೊಂದು ಬಲ್ಬು ತಂದು, ಗೋಡೆಗೆ ಬಣ್ಣ ಬಳಿದ ಮೇಲೆ, ರಾತ್ರಿಯೇ ಉರಿಸಿ ನೋಡಿ. ಹಾಲ್‌ಗೆಂದು ಕೊಳ್ಳುವಾಗ ಮಾತ್ರ ಒಂದೆರಡು ಹೆಚ್ಚಿಗೆ ತಂದಿಡಿ. ನಮ್ಮಲ್ಲಿ ಆರರಲ್ಲಿ ಒಂದು ಕೆಟ್ಟು, ಅದೇ ಸಂಖ್ಯೆಯದು ಸಿಗದೆ, ಟಿವಿ ಮೇಲಿನ ಮೂಲೆ ಈಗಲೂ ಬೇರೆ ಬಣ್ಣದಲ್ಲೇ ಉರಿಯುತ್ತಿದೆ.