ಏರ್ ಇಂಟೇಕ್‌ನಲ್ಲಿ ಸಿಳ್ಳೆ ಸದ್ದು

ಪ್ರಶ್ನೆ: ಡೀಸೆಲ್ ಟ್ರಕ್‌ಗೆ ಬೇರೆ ಕಂಪನಿಯ ಏರ್ ಇಂಟೇಕ್ ಕಿಟ್ (ಎಂಜಿನ್‌ಗೆ ಗಾಳಿ ಒಯ್ಯುವ ಫಿಲ್ಟರ್, ಪೈಪು) ಹಾಕಿಸಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಸಿಳ್ಳೆ ಹೊಡೆದಂತೆ ಸದ್ದು. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ) ಕೆಟ್ಟಿತೇ?

ಉತ್ತರ: ಟರ್ಬೊ ಬಿಚ್ಚಿಸುವ ಅವಸರ ಬೇಡ. ತೆರೆದ ಫಿಲ್ಟರ್ ಹಾಕಿದರೆ, ಹಳೆಯ ಫಿಲ್ಟರ್ ಡಬ್ಬಿಯೊಳಗೆ ಅಡಗಿದ್ದ ಟರ್ಬೊ ಸದ್ದೇ ಹೊರಗೆ ಕೇಳಿಸುತ್ತದೆ. ಅದು ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಜೊತೆ ಸರಾಗವಾಗಿ ಏರಿಳಿಯುತ್ತದೆ. ಹಾಗಲ್ಲದೆ ಒರಟಾಗಿ ಸುಯ್ಯೆಂದರೆ ಜೋಡಣೆಯಲ್ಲಿ ಸೋರಿಕೆಯಿದೆ ಎನ್ನಿ. ಎಂಜಿನ್ ತಣ್ಣಗಾದ ಮೇಲೆ ಪೈಪುಗಳನ್ನು ಜೋಡಿಸುವ ರಬ್ಬರ್ ಕಪ್ಲರ್ ಬಿಚ್ಚಿ ನೋಡಿ: ಪೈಪು ಸುಮಾರು 20 ಮಿ.ಮೀ. ಒಳಗಿರಬೇಕು, ಕ್ಲಾಂಪ್ ಪೈಪಿನ ತುದಿಯ ಉಬ್ಬಂಚಿನ ಹಿಂದೆ ಕೂತಿರಬೇಕು. ಅತಿಯಾಗಿ ಬಿಗಿದರೆ ರಬ್ಬರ್ ಸುಕ್ಕುಗಟ್ಟಿ ಅಲ್ಲೇ ಸೋರುತ್ತದೆ. ಏರ್‌ಫ್ಲೋ ಸೆನ್ಸರಿನ (ಒಳಬರುವ ಗಾಳಿ ಅಳೆಯುವ ಸಾಧನ) ಓ-ರಿಂಗ್ ಎಂಬ ರಬ್ಬರ್ ಬಳೆ ಹಳೆಯ ಡಬ್ಬಿಯಲ್ಲೇ ಉಳಿದುಬಿಡುವುದೂ ಉಂಟು! ಆಗಲೂ ಸೋರಿಕೆ ಸಿಗದಿದ್ದರೆ ಸ್ಮೋಕ್ ಟೆಸ್ಟ್ (ಪೈಪಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆಂದು ನೋಡುವುದು) ಮಾಡಿಸಿ. ಫಿಲ್ಟರ್ ಮತ್ತು ಟರ್ಬೊ ನಡುವೆ ಸೋಪುನೀರು ಹಚ್ಚಿ ಫಲವಿಲ್ಲ. ಎಂಜಿನ್ ಓಡುವಾಗ ಅಲ್ಲಿ ಅದು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಗುಳ್ಳೆ ಏಳದು. ಅದೇ ಸಂದಿಯಿಂದ ಸೋಸದ ದೂಳು ಒಳನುಗ್ಗಿ ಟರ್ಬೊ ರೆಕ್ಕೆಗಳನ್ನು ಸವೆಸುತ್ತದೆ.