ಇಂಗ್ಲಿಷಿನ ಲ್ಯಾಟರಿಷಸ್ (lateritious) ಎಂದರೇನು, ಪ್ರಬಂಧದಲ್ಲಿ ಅದನ್ನು ಬಳಸಬಹುದೇ? ಲ್ಯಾಟರಲ್‌ಗೂ ಅದಕ್ಕೂ ನಂಟಿದೆಯೇ?

ನಂಟಿಲ್ಲ. ಹಳೆಯ ವೈದ್ಯಕೀಯ ಪುಸ್ತಕವೊಂದರಲ್ಲಿ, ಮೂತ್ರದ ವಿಷಯ ಬರುವಲ್ಲಿ ಈ ಪದ ಸಿಕ್ಕಿತು ಅಂದಿದ್ದೀರಿ. ಅಲ್ಲಿ ಅದರ ಅರ್ಥ 'ಇಟ್ಟಿಗೆ ಬಣ್ಣದ'. ಜ್ವರ ಬಂದವರ ಮೂತ್ರದಲ್ಲಿ ನೀರಿನ ಅಂಶ ಕಡಿಮೆಯಾಗಿ ಅದು ಸಾಂದ್ರವಾಗಿರುತ್ತದೆ. ಪಾತ್ರೆಯಲ್ಲಿಟ್ಟು ತಣಿದ ಮೇಲೆ ನೋಡಿದರೆ ತಳದಲ್ಲಿ ಇಟ್ಟಿಗೆ ಪುಡಿಯಂಥ ಗಸಿ ಕೂತಿರುತ್ತದೆ. ಅದು ಯೂರಿಕ್ ಆಮ್ಲದ ಲವಣ. ಲ್ಯಾಬ್ ಇಲ್ಲದ ಕಾಲದ ವೈದ್ಯರು ಕಣ್ಣಿನಲ್ಲೇ ಪರೀಕ್ಷೆ ಮಾಡುತ್ತಿದ್ದರು. ಬಣ್ಣ ಹೇಳುವ ಪದಗಳು ಅವರಿಗೆ ಜಾಸ್ತಿ ಬೇಕಾಗಿದ್ದವು.

ಲ್ಯಾಟಿನ್‌ನಲ್ಲಿ 'ಲಾಟೆರ್' ಅಂದರೆ ಇಟ್ಟಿಗೆ, 'ಲಾಟೆರಿಕಿಯುಸ್' ಅಂದರೆ ಇಟ್ಟಿಗೆಯದ್ದು. ಇಟ್ಟಿಗೆಯ ರೋಮ್ ನಗರವನ್ನು ಅಮೃತಶಿಲೆಯದ್ದಾಗಿ ಬಿಟ್ಟುಹೋಗುತ್ತೇನೆ ಎಂದು ಚಕ್ರವರ್ತಿ ಆಗಸ್ಟಸ್ ಜಂಬ ಕೊಚ್ಚಿದ್ದನಲ್ಲ, ರೋಮನ್ ಲೇಖಕ ಸ್ವೆಟೋನಿಯಸ್ ಅದನ್ನು ಬರೆಯುವಾಗ ಇದೇ ಪದ ಬಳಸಿದ್ದಾನೆ. ಲ್ಯಾಟರಲ್ ಬಂದದ್ದು 'ಲಾಟುಸ್' ಎಂಬ ಬೇರೆ ಪದದಿಂದ. ಅದರ ಅರ್ಥ ಪಕ್ಕ, ಬದಿ. ವಿಭಕ್ತಿ ಹಚ್ಚಿದಾಗ ಎರಡೂ 'ಲಾಟೆರಿಸ್' ಆಗಿಬಿಡುತ್ತವೆ, ಗೊಂದಲ ಅದರಿಂದಲೇ.

ಕಾಸರಗೋಡಿನವನಾದ ನನಗೆ ಈ ಪದದ ಮೇಲೆ ಸ್ವಲ್ಪ ಮೋಹ. ಕಟ್ಟಡಕ್ಕೆ ಬಳಸುವ ನಮ್ಮ ಕೆಂಪು ಮುರಕಲ್ಲಿಗೆ ಇಂಗ್ಲಿಷ್ ಹೆಸರು ಬಂದದ್ದೂ ಇದೇ ಬೇರಿನಿಂದ. ಟಿಪ್ಪು ಮಡಿದ ಮೇಲೆ ಈ ಸೀಮೆಯನ್ನೆಲ್ಲ ನೋಡಿ ವರದಿ ಬರೆಯಲು ಕಂಪನಿ ಸರಕಾರ ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿತ್ತು. ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಅವನು ಈ ಕಲ್ಲು ಕಡಿಯುವುದನ್ನು ನೋಡಿದ. ನೆಲದೊಳಗಿರುವಾಗ ಮೆತ್ತಗೆ, ಕಬ್ಬಿಣದ ಹತಾರದಲ್ಲಿ ಸಲೀಸಾಗಿ ಕಡಿಯಬಹುದು. ಹೊರಗೆ ಗಾಳಿಗೆ ಇಟ್ಟರೆ ಗಟ್ಟಿ. ಊರಿನವರು ಇದನ್ನು 'ಇಟಿಕ ಕಲ್ಲು' ಅನ್ನುತ್ತಾರೆ ಎಂದು ಬರೆದುಕೊಂಡ. ನಮ್ಮ ಇಟ್ಟಿಗೆ ಕಲ್ಲೇ, ಅಲ್ವಾ? ಅದನ್ನೇ ಲ್ಯಾಟಿನ್‌ಗೆ ತಿರುಗಿಸಿ 'ಲ್ಯಾಟರೈಟ್' ಎಂದು ಹೆಸರಿಟ್ಟ. ಅಲ್ಲಿಂದ ಬಡಗು ಹಾದಿ ಹಿಡಿದು 1801ರಲ್ಲಿ ಬೇಕಲ, ಕಾಸರಗೋಡು, ಕುಂಬಳೆ ದಾಟಿ ಮಂಗಳೂರಿಗೆ ಹೋದ. ಪುಸ್ತಕ ಅಚ್ಚಾದದ್ದು 1807ರಲ್ಲಿ.

ಬುಕಾನನ್ ಓದಿದ್ದು ವೈದ್ಯಕೀಯ. ಮೂತ್ರದ ಗಸಿಗೆ ಹೇಳುವ ಆ ಪದ ಅವನ ಕಿವಿಗೆ ಬೀಳದೆ ಇರಲಿಕ್ಕಿಲ್ಲ. ಇದು ನನ್ನ ಊಹೆ ಅಷ್ಟೆ, ಅವನು ಹಾಗೆಂದು ಎಲ್ಲೂ ಹೇಳಿಲ್ಲ.

ಗಸಿಗೂ ಕಲ್ಲಿಗೂ ಬಣ್ಣ ಬಂದ ಬಗೆ ಮಾತ್ರ ಬೇರೆ ಬೇರೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ನೀರು ಬಂಡೆಯೊಳಗಿನ ಸಿಲಿಕಾವನ್ನು ತೊಳೆದು ಒಯ್ಯುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿಯುತ್ತವೆ. ಕೆಂಪು ಆ ಕಬ್ಬಿಣದ್ದು. ಬೇಕಲ ಕೋಟೆ ಕಟ್ಟಿದ್ದು ಇದೇ ಕಲ್ಲಿನಿಂದ. ಗುಡ್ಡದ ಬದಿಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ನಮ್ಮ ಸುರಂಗಗಳು ಆಧಾರ ಕೊಡದಿದ್ದರೂ ಕುಸಿಯದೆ ನಿಲ್ಲುವುದು ಇದೇ ಕಲ್ಲಿನ ಗಟ್ಟಿತನದಿಂದ.

ಬಳಕೆಯ ಬಗ್ಗೆ ಕೇಳಿದ್ದೀರಲ್ಲ: ಮಣ್ಣು, ಕಲ್ಲಿನ ವಿಷಯಕ್ಕೆ 'ಲ್ಯಾಟರಿಟಿಕ್' ಬರೆಯಿರಿ. ಲ್ಯಾಟರಿಷಸ್ ಅನ್ನು ಈಗ ಡಾಕ್ಟರುಗಳೂ ಬಿಟ್ಟಿದ್ದಾರೆ. ಸುಮ್ನೆ ಅದನ್ನು ಪ್ರಬಂಧದಲ್ಲಿ ಹಾಕಿದರೆ ತಿದ್ದುವವರು ಕಾಗುಣಿತ ತಪ್ಪೆಂದು ಗೀಟು ಎಳೆದಾರು.