ಐದು ತಿಂಗಳಾಯಿತು, ಮಗು ಇನ್ನೂ ಬೋರಲು ಬಿದ್ದಿಲ್ಲ

ಪ್ರಶ್ನೆ: ನನ್ನ ಮಗನಿಗೆ ಈಗ ಐದು ತಿಂಗಳು. 35 ವಾರಕ್ಕೇ ಹುಟ್ಟಿದ, ಆಗ ತೂಕ 1.9 ಕೆ.ಜಿ. ಈಗ ಹಾಲು ಚೆನ್ನಾಗಿ ಕುಡಿಯುತ್ತಾನೆ, ಮಾತಾಡಿಸಿದರೆ ನಗುತ್ತಾನೆ. ಆದರೆ ಇನ್ನೂ ಬೋರಲು ಬಿದ್ದಿಲ್ಲ. ನಾದಿನಿ ಮಗಳು ನಾಲ್ಕು ತಿಂಗಳಿಗೇ ಬಿದ್ದಿದ್ದಳು ಅಂತ ಮನೆಯಲ್ಲಿ ದಿನಾ ಮಾತು. ಮಾವ ವಾಕರ್ ತರುತ್ತೇನೆ ಅನ್ನುತ್ತಿದ್ದಾರೆ. ಮೊಬೈಲಿನಲ್ಲಿ ಹಾಡು ಹಾಕಿದರೆ ಬೇಗ ಮಾತು ಬರುತ್ತದೆಯೇ? ಮನೆಯಲ್ಲಿ ನಾನೇನು ಮಾಡಬೇಕು?

ಉತ್ತರ: ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳೋಣ. ನಿಮ್ಮ ಮಗ 40 ವಾರದ ಬದಲು 35ಕ್ಕೇ ಬಂದಿದ್ದಾನೆ. ಆ ಐದು ವಾರ ಕಳೆದರೆ ಅವನ ಬೆಳವಣಿಗೆಯ ವಯಸ್ಸು ನಾಲ್ಕು ತಿಂಗಳೂ ಪೂರ್ತಿ ಆಗಿಲ್ಲ. ಎರಡು ವರ್ಷ ತುಂಬುವವರೆಗೂ ಹೀಗೇ ಲೆಕ್ಕ ಹಾಕಿ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ. ನಾದಿನಿ ಮಗಳ ಜೊತೆ ಹೋಲಿಸುವುದು ನ್ಯಾಯವೇ ಅಲ್ಲ.

ಈಗ ನೋಡಬೇಕಾದದ್ದು ಬೇರೆ. ಎತ್ತಿಕೊಂಡಾಗ ಕತ್ತು ನಿಲ್ಲುತ್ತಿದೆಯಾ? ಕೈ ಬಾಯಿಗೆ ಹೋಗುತ್ತಿದೆಯಾ? ನಿಮ್ಮ ದನಿ ಕೇಳಿದ ಕಡೆ ತಿರುಗುತ್ತಾನಾ? ಇವೆಲ್ಲ ಬರುತ್ತಿದ್ದರೆ ಬೋರಲು ಬೀಳುವುದಕ್ಕೆ ಇನ್ನೂ ಸಮಯವಿದೆ.

ಅದಕ್ಕೆ ನೆಲ ಬೇಕು. ತೊಟ್ಟಿಲು, ತೊಡೆ, ಸೋಫಾ ಇಷ್ಟರಲ್ಲೇ ದಿನ ಕಳೆದರೆ ಮಗು ಕತ್ತು ಎತ್ತಿ ಅಭ್ಯಾಸ ಮಾಡುವುದೆಲ್ಲಿ? ಚಾಪೆ ಮೇಲೆ ಕೌದಿ ಹಾಸಿ. ಎಚ್ಚರವಿದ್ದಾಗ, ಹೊಟ್ಟೆ ತುಂಬಿದ ಕೂಡಲೇ ಅಲ್ಲದೆ ಸ್ವಲ್ಪ ಬಿಟ್ಟು, ಬೋರಲು ಮಲಗಿಸಿ. ಮೊದಲ ದಿನ ಎರಡು ನಿಮಿಷಕ್ಕೇ ಅಳಬಹುದು, ಆಗ ಎತ್ತಿಕೊಳ್ಳಿ. ಮತ್ತೆ ಒಂದು ಹೊತ್ತಿಗೆ ಮಲಗಿಸಿ. ಹೀಗೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಒಟ್ಟು 30 ನಿಮಿಷ ಆದರೆ ಸಾಕು. ನೀವೂ ಎದುರಿಗೆ ನೆಲದ ಮೇಲೆ ಮಲಗಿ. ಅವನ ಕಣ್ಣಿಗೆ ನಿಮ್ಮ ಮುಖ ಕಾಣಬೇಕು, ಅದಕ್ಕಿಂತ ಒಳ್ಳೆ ಆಟಿಕೆ ಇಲ್ಲ. ಗಿಲಕಿಯನ್ನು ಒಂದು ಪಕ್ಕದಿಂದ ನಿಧಾನವಾಗಿ ಆಡಿಸಿ. ಅದರ ಹಿಂದೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಕತ್ತು, ಕೊನೆಗೆ ಭುಜ. ಮಗುಚುವುದು ಶುರುವಾಗುವುದೇ ಹೀಗೆ. ಆದರೆ ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ ಮಲಗಿಸಿ. ಬೋರಲು ಮಲಗಿಸಿದಾಗ ಪಕ್ಕದಿಂದ ಏಳಬೇಡಿ.

ವಾಕರ್ ಬೇಡವೇ ಬೇಡ. ಮಾವನವರಿಗೆ ಪ್ರೀತಿಯಿಂದಲೇ ಹೇಳಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿಂದ ಉರುಳುವ, ಬಿಸಿ ಪಾತ್ರೆಗೆ ಕೈ ಹಾಕುವ ಅಪಾಯ ಜಾಸ್ತಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಮೊಬೈಲೂ ಹಾಗೇ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಾಡು ಬೇಕು ನಿಜ, ಅದನ್ನು ನೀವು ಹಾಡಿ. ಮೊಬೈಲು ಮಗುವಿಗೆ ಉತ್ತರ ಕೊಡುವುದಿಲ್ಲ ನೋಡಿ. ಅವನು "ಆ" ಅಂದಾಗ ನೀವೂ "ಆ" ಅನ್ನಿ, ಆಮೇಲೆ ಸುಮ್ನೆ ಕಾಯಿರಿ. ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಕೂಗುತ್ತಾನೆ. ಮಾತು ಕಲಿಯುವುದು ಈ ಕೊಟ್ಟು ತಗೊಳ್ಳುವುದರಲ್ಲೇ.

ಅದಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ. ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವ ಅಜ್ಜಿಯರನ್ನು ನೋಡಿದ್ದೀರಲ್ವಾ? "ಈಗ ಕೈಗೆ ನೀರು, ಈಗ ಬೆನ್ನಿಗೆ, ಅಯ್ಯೋ ಬಂಗಾರಕ್ಕೆ ಚಳಿ ಆಯ್ತಾ" ಅಂತ ಒಂದೇ ಸಮನೆ ಮಾತಾಡುತ್ತಾರೆ. ಆ ಮಾತು ಬಿಡಬೇಡಿ. ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದನ್ನು ಮಾತ್ರ ಬಿಟ್ಟುಬಿಡಿ. ಸೊಪ್ಪು ಸೋಸುವಾಗಲೂ ಅವನನ್ನು ಪಕ್ಕದಲ್ಲೇ ಮಲಗಿಸಿಕೊಂಡು ಮಾತಾಡಿ. ಮನೆಯಲ್ಲಿ ತುಳುವೋ ಉರ್ದುವೋ ಇದ್ದರೆ ಅದರಲ್ಲೇ ಆಡಿ.

ಇನ್ನೊಂದು ವಿಷಯ ನನಗೆ ಮುಖ್ಯ. ಎರಡು ಕೆ.ಜಿ.ಗಿಂತ ಕಡಿಮೆ ತೂಕಕ್ಕೆ ಹುಟ್ಟಿದವನು ಅವನು. ಕಣ್ಣಿನ ರೆಟಿನಾ (ಕಣ್ಣಿನ ಒಳಪರದೆ) ಪರೀಕ್ಷೆ, ಕಿವಿ ಪರೀಕ್ಷೆ ಎರಡೂ ಆಗಿವೆಯಾ, ಡಿಸ್ಚಾರ್ಜ್ ಚೀಟಿಯಲ್ಲಿ ಹುಡುಕಿ. ಆಗಿಲ್ಲದಿದ್ದರೆ ಈ ವಾರವೇ ಮಕ್ಕಳ ವೈದ್ಯರನ್ನು ಕೇಳಿ. ಐರನ್ ಡ್ರಾಪ್ಸ್ ಬೇಕೇ ಅಂತಲೂ ಆಗಲೇ ಕೇಳಿ.

ಕತ್ತು ನಿಲ್ಲುತ್ತಿಲ್ಲ, ಕೈಕಾಲು ಬಿಗಿಯಾಗಿವೆ ಅಥವಾ ಜೋತು ಬೀಳುತ್ತಿವೆ, ಒಂದೇ ಕೈ ಆಡಿಸುತ್ತಾನೆ, ಜೋರು ಸದ್ದಿಗೂ ಬೆಚ್ಚುವುದಿಲ್ಲ ಅನ್ನಿಸಿದರೆ ಕಾಯಬೇಡಿ. "ಗಂಡು ಮಕ್ಕಳು ಸ್ವಲ್ಪ ನಿಧಾನ" ಅನ್ನುವ ಮಾತು ಕೇಳಿ ತಿಂಗಳು ದೂಡಬೇಡಿ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ, ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗುವ ದಾರಿ ತೋರಿಸುತ್ತಾರೆ. ಅಲ್ಲಿ ಸರ್ಕಾರದಿಂದಲೇ ಉಚಿತವಾಗಿ ನೋಡುತ್ತಾರೆ. ಹೋಗುವಾಗ ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ.